ಎನ್‌ಎಫ್‌ಎಲ್ ಪ್ಲೇಆಫ್ ಲೆಕ್ಕ ಹಾಕುವ ಬಗೆ, ತಾರಾ ಆಟಗಾರರನ್ನು ತೂಗುವ ಬಗೆ

ಡಿಸೆಂಬರ್ ಕಾಲಿಟ್ಟ ಮೇಲೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಅಭಿಮಾನಿಗಳ ಬಾಯಲ್ಲಿ ಎರಡೇ ಪ್ರಶ್ನೆ. ನಮ್ಮ ತಂಡ ಪ್ಲೇಆಫ್‌ಗೆ, ಅಂದರೆ ಲೀಗ್ ಹಂತದ ನಂತರದ ನಾಕೌಟ್‌ಗೆ, ಹೋಗುತ್ತದೆಯೇ? ಹೋದರೆ ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಅಲ್ಲಿ ನಿಲ್ಲುತ್ತಾನೋ, ಕೈಕೊಡುತ್ತಾನೋ? ಮೊದಲನೆಯದಕ್ಕೆ ಕಾಗದ, ಪೆನ್ಸಿಲು, ಅಂಕಪಟ್ಟಿ ಇದ್ದರೆ ಖಚಿತ ಉತ್ತರ ಸಿಗುತ್ತದೆ. ಎರಡನೆಯದು ಮುಗಿಯದ ವಾದ. ಆದರೆ ಆ ವಾದದಲ್ಲಿ ಆಟಗಾರನ ತಲೆಗೆ ಕಟ್ಟುವ ಎಷ್ಟೋ ಸೋಲುಗಳ ಬೇರು ಟೂರ್ನಿಯ ನಿಯಮಗಳಲ್ಲೇ ಇರುತ್ತದೆ. ಹಾಗಾಗಿ ಮೊದಲು ಲೆಕ್ಕ ಕಲಿತು, ಆಮೇಲೆ ಆಟಗಾರರ ಬಳಿಗೆ ಬರೋಣ.

ಮೊದಲ ಹೆಜ್ಜೆ: ಪಟ್ಟಿಯನ್ನು ಎಂಟು ತುಂಡು ಮಾಡಿಕೊಳ್ಳಿ

32 ತಂಡಗಳನ್ನು ಒಂದೇ ಸಾಲಿನಲ್ಲಿ ನೋಡಿದರೆ ಏನೂ ತಿಳಿಯದು. ಎಎಫ್‌ಸಿ, ಎನ್‌ಎಫ್‌ಸಿ ಎಂದು ಎರಡು ಕಾನ್ಫರೆನ್ಸ್, ಒಂದೊಂದರಲ್ಲಿ 16 ತಂಡ. ಪ್ರತಿ ಕಾನ್ಫರೆನ್ಸಿನಲ್ಲೂ ಈಸ್ಟ್, ವೆಸ್ಟ್, ನಾರ್ತ್, ಸೌತ್ ಎಂದು ನಾಲ್ಕು ಡಿವಿಷನ್, ಒಂದೊಂದರಲ್ಲಿ 4 ತಂಡ. ಪ್ಲೇಆಫ್‌ನಲ್ಲಿ ಸೂಪರ್ ಬೌಲ್ ಎಂಬ ಫೈನಲ್‌ವರೆಗೂ ಎರಡು ಕಾನ್ಫರೆನ್ಸುಗಳ ಹಾದಿ ಎಲ್ಲೂ ಕೂಡುವುದಿಲ್ಲ. ನಿಮ್ಮ ತಂಡ ಎನ್‌ಎಫ್‌ಸಿಯದಾದರೆ ಎಎಫ್‌ಸಿ ಪಟ್ಟಿಯನ್ನು ಬದಿಗಿಟ್ಟುಬಿಡಿ.

2021ರಿಂದ ಪ್ರತಿ ತಂಡ 18 ವಾರಗಳಲ್ಲಿ 17 ಪಂದ್ಯ ಆಡುತ್ತದೆ. ಅದರಲ್ಲಿ 6 ಪಂದ್ಯ ತನ್ನದೇ ಡಿವಿಷನ್ನಿನ ಮೂರು ತಂಡಗಳ ಮೇಲೆ, ತಲಾ ಎರಡು. ಇನ್ನಾರು ತನ್ನ ಕಾನ್ಫರೆನ್ಸಿನ ಉಳಿದ ತಂಡಗಳ ಮೇಲೆ. ಬಾಕಿ 5 ಮಾತ್ರ ಆಚೆ ಕಾನ್ಫರೆನ್ಸಿನ ಮೇಲೆ. ಡಿವಿಷನ್ನಿನಲ್ಲಿ 6, ಅವೂ ಸೇರಿ ಕಾನ್ಫರೆನ್ಸಿನಲ್ಲಿ 12, ಆಚೆ 5 ಎಂಬ ಅಂಕಿಗಳನ್ನು ಮನಸ್ಸಿನಲ್ಲಿಡಿ. ಗೆಲುವುಗಳು ಸಮವಾದಾಗ ಎಲ್ಲ ಸೋಲಿಗೂ ಒಂದೇ ಬೆಲೆ ಇರುವುದಿಲ್ಲ. ಡಿವಿಷನ್ನಿನೊಳಗಿನ ಸೋಲು ಎಲ್ಲಕ್ಕಿಂತ ದುಬಾರಿ, ಆಚೆ ಕಾನ್ಫರೆನ್ಸಿನ ತಂಡಕ್ಕೆ ಸೋತದ್ದು ಎಲ್ಲಕ್ಕಿಂತ ಅಗ್ಗ.

ಡ್ರಾ ಆದ ಪಂದ್ಯವನ್ನು ಅರ್ಧ ಗೆಲುವು, ಅರ್ಧ ಸೋಲು ಎಂದು ಎಣಿಸಿ. 2022ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮತ್ತು ವಾಷಿಂಗ್ಟನ್ 20-20ರಲ್ಲಿ ಸಮ ಮಾಡಿಕೊಂಡವು. ಜೈಂಟ್ಸ್ ಋತು ಮುಗಿಸಿದ್ದು 9 ಗೆಲುವು, 7 ಸೋಲು, 1 ಡ್ರಾದಲ್ಲಿ. 9.5 ಅನ್ನು 17ರಿಂದ ಭಾಗಿಸಿದರೆ .559. 9-8 ಇದ್ದ ತಂಡಗಳದು .529. ಆ ಅರ್ಧ ಗೆಲುವಿನಿಂದಾಗಿ ಜೈಂಟ್ಸ್‌ಗೆ ಸಮವಾದ ತಂಡಗಳನ್ನು ಬೇರ್ಪಡಿಸುವ ಟೈಬ್ರೇಕರ್‌ನ ಯಾವ ತಾಪತ್ರಯವೂ ಬರಲಿಲ್ಲ.

ಎರಡನೇ ಹೆಜ್ಜೆ: ಏಳು ಸೀಡ್ ತುಂಬುವುದು

ಪ್ರತಿ ಕಾನ್ಫರೆನ್ಸಿನಿಂದ 7, ಒಟ್ಟು 14 ತಂಡಗಳಿಗೆ ಪ್ಲೇಆಫ್. 2020ಕ್ಕೆ ಮೊದಲು, 1990ರಿಂದ, 12 ತಂಡಗಳಿದ್ದವು. ಹಳೆಯ ಅಭಿಮಾನಿಗಳು ಈಗಲೂ ಆ ಲೆಕ್ಕವನ್ನೇ ಹೇಳಿ ಹೊಸಬರ ದಾರಿ ತಪ್ಪಿಸುವುದುಂಟು.

ಕಾಗದದ ಮೇಲೆ 1ರಿಂದ 7ರವರೆಗೆ ಬರೆದುಕೊಳ್ಳಿ. ಈ ಕ್ರಮಾಂಕಗಳೇ ಸೀಡ್. ನಾಲ್ಕು ಡಿವಿಷನ್ ವಿಜೇತರನ್ನು ಗುರುತಿಸಿ, ಅವರನ್ನಷ್ಟೇ ಗೆಲುವಿನ ಪ್ರಮಾಣದಂತೆ 1ರಿಂದ 4ರಲ್ಲಿ ಕೂರಿಸಿ. ಉಳಿದ 12 ತಂಡಗಳಲ್ಲಿ ಮೇಲಿನ ಮೂರು 5, 6, 7ಕ್ಕೆ ಬರುತ್ತವೆ. ಇವರೇ ವೈಲ್ಡ್ ಕಾರ್ಡ್. ಒಂದನೇ ಸೀಡ್‌ಗೆ ಮೊದಲ ವಾರ ವಿಶ್ರಾಂತಿ, ಅಂದರೆ ಬೈ. 2019ರವರೆಗೆ ಮೊದಲೆರಡು ಸೀಡ್‌ಗಳಿಗೂ ಬೈ ಇತ್ತು, ಈಗ ಒಬ್ಬರಿಗೆ ಮಾತ್ರ. ಒಂದಕ್ಕೂ ಎರಡಕ್ಕೂ ನಡುವಿನ ಅಂತರ ಈಗಿನಷ್ಟು ದೊಡ್ಡದು ಎಂದೂ ಇರಲಿಲ್ಲ.

ಎಲ್ಲರೂ ಎಡವುವ ಜಾಗ ಇದು: ಗೆಲುವುಗಳು ಎಷ್ಟೇ ಇರಲಿ, ವೈಲ್ಡ್ ಕಾರ್ಡ್ ತಂಡ ಡಿವಿಷನ್ ವಿಜೇತನ ಮೇಲೆ ಹೋಗುವಂತಿಲ್ಲ. 2024ರಲ್ಲಿ ಮಿನೆಸೋಟ ವೈಕಿಂಗ್ಸ್ 14-3 ಆಡಿಯೂ ಐದನೇ ಸೀಡ್ ಆಯಿತು, ಏಕೆಂದರೆ ಅದೇ ಡಿವಿಷನ್ನಿನಲ್ಲಿ ಡೆಟ್ರಾಯಿಟ್ ಲಯನ್ಸ್ 15-2 ಇತ್ತು. 2010ರಲ್ಲಿ ಸಿಯಾಟಲ್ 7-9 ದಾಖಲೆಯಲ್ಲೇ ಡಿವಿಷನ್ ಗೆದ್ದು, ಹಿಂದಿನ ವರ್ಷದ ಚಾಂಪಿಯನ್ ನ್ಯೂ ಆರ್ಲಿಯನ್ಸನ್ನು ತನ್ನೂರಿಗೆ ಕರೆಸಿ 41-36ರಿಂದ ಮನೆಗೆ ಕಳಿಸಿತು. 2008ರದು ಇನ್ನೂ ಕಠಿಣ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 11-5 ಆಡಿಯೂ ಹೊರಗುಳಿಯಿತು. 8-8 ಆಡಿದ ಸ್ಯಾನ್ ಡಿಯಾಗೊ ಚಾರ್ಜರ್ಸ್ ಡಿವಿಷನ್ ಗೆದ್ದು ಒಳಬಂದದ್ದಲ್ಲದೆ, 12-4 ಇದ್ದ ಇಂಡಿಯಾನಾಪೊಲಿಸನ್ನು ತವರಿನಲ್ಲೇ ಎದುರಿಸಿ ಸೋಲಿಸಿತು. ಇದನ್ನು ಸಡಿಲಿಸಿ, ಹೆಚ್ಚು ಗೆದ್ದ ವೈಲ್ಡ್ ಕಾರ್ಡ್ ತಂಡಕ್ಕೆ ಮೇಲಿನ ಸೀಡ್ ಕೊಡಬೇಕೆಂದು ಲಯನ್ಸ್ 2025ರಲ್ಲಿ ಪ್ರಸ್ತಾವ ಇಟ್ಟು, ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಡಿವಿಷನ್ ಗೆಲುವಿಗೆ ತವರು ಪಂದ್ಯದ ಬಹುಮಾನ ಇರಲೇಬೇಕು, ಅದಿಲ್ಲದಿದ್ದರೆ ಡಿಸೆಂಬರಿನ ಡಿವಿಷನ್ ಪಂದ್ಯಗಳ ಕಾವು ಆರಿಹೋಗುತ್ತದೆ ಎಂಬ ವಾದ ನಮಗೆ ಒಪ್ಪಿಗೆ. ಆದರೂ 14 ಗೆಲುವಿನ ತಂಡವನ್ನು ಪರವೂರಿಗೆ ಅಟ್ಟುವುದು ಕಣ್ಣಿಗೆ ಚುಚ್ಚುತ್ತದೆ.

ಮೂರನೇ ಹೆಜ್ಜೆ: ಸಮವಾದಾಗ ಯಾರು ಮುಂದೆ

ಐಪಿಎಲ್ ನೋಡಿ ಬೆಳೆದವರು ಮೊದಲು ಹುಡುಕುವುದು ನೆಟ್ ರನ್‌ರೇಟ್‌ನಂಥದ್ದನ್ನು. 2024ರಲ್ಲಿ ಆರ್‌ಸಿಬಿ ಚೆನ್ನೈಯಷ್ಟೇ 14 ಅಂಕ ಗಳಿಸಿ ರನ್‌ರೇಟ್ ಬಲದಿಂದ ಒಳಹೋದದ್ದು ನೆನಪಿದೆಯಲ್ಲ? ಎನ್‌ಎಫ್‌ಎಲ್‌ನಲ್ಲಿ ಎಷ್ಟು ಅಂತರದಿಂದ ಗೆದ್ದಿರಿ ಎಂಬುದು ಪಟ್ಟಿಯ ತುದಿಗೆ ಬರುವ ಸಂಗತಿ; ಅಲ್ಲಿಯವರೆಗೆ ಲೆಕ್ಕ ಹೋಗುವುದೇ ಅಪರೂಪ. 40 ಅಂಕದಿಂದ ಗೆದ್ದರೂ 1 ಅಂಕದಿಂದ ಗೆದ್ದರೂ ಗೆಲುವು ಒಂದೇ.

ಒಂದೇ ಡಿವಿಷನ್ನಿನ ಎರಡು ತಂಡ ಸಮವಾದರೆ ಈ ಕ್ರಮದಲ್ಲಿ ನೋಡಿ:

1. ಇಬ್ಬರೂ ಪರಸ್ಪರ ಆಡಿದ ಪಂದ್ಯಗಳು
2. ಡಿವಿಷನ್ನಿನೊಳಗಿನ ದಾಖಲೆ
3. ಇಬ್ಬರಿಗೂ ಸಮಾನ ಎದುರಾಳಿಗಳ ಮೇಲಿನ ದಾಖಲೆ
4. ಕಾನ್ಫರೆನ್ಸಿನೊಳಗಿನ ದಾಖಲೆ
5. ಸೋಲಿಸಿದ ತಂಡಗಳ ಒಟ್ಟು ಗೆಲುವಿನ ಪ್ರಮಾಣ
6. ಆಡಿದ ಎಲ್ಲ ಎದುರಾಳಿಗಳ ಒಟ್ಟು ಗೆಲುವಿನ ಪ್ರಮಾಣ

ಇದೂ ಸಾಲದಿದ್ದರೆ ಹಾಕಿದ, ಬಿಟ್ಟುಕೊಟ್ಟ ಅಂಕಗಳು. ಕೊನೆಗೆ ನಾಣ್ಯ ಚಿಮ್ಮುವುದು.

ಬೇರೆ ಬೇರೆ ಡಿವಿಷನ್ನಿನ ತಂಡಗಳಾದರೆ ಎರಡನೆಯದು ಬಿದ್ದುಹೋಗುತ್ತದೆ, ಮತ್ತು ಕಾನ್ಫರೆನ್ಸ್ ದಾಖಲೆ ಸಮಾನ ಎದುರಾಳಿಗಳಿಗಿಂತ ಮೊದಲು ಬರುತ್ತದೆ. ಸಮಾನ ಎದುರಾಳಿಗಳ ಮೇಲೆ ಕನಿಷ್ಠ 4 ಪಂದ್ಯ ಆಡಿರದಿದ್ದರೆ ಆ ಅಳತೆಯನ್ನೇ ಬಿಟ್ಟು ಮುಂದಕ್ಕೆ ಹೋಗಬೇಕು.

ಮೂರು ತಂಡ ಸಮವಾದಾಗ ಕೈ ನಡುಗುವುದು ಸಹಜ. ಎರಡು ನಿಯಮ ಮರೆಯಬೇಡಿ. ಮೊದಲು ಪ್ರತಿ ಡಿವಿಷನ್ನಿನಿಂದ ಒಂದೇ ತಂಡ ಉಳಿಯುವಂತೆ ಸೋಸಿ. ಆಮೇಲೆ, ಒಂದು ತಂಡ ಹೊರಬಿದ್ದ ಕೂಡಲೇ ಉಳಿದವರನ್ನು ಮತ್ತೆ ಒಂದನೇ ಅಳತೆಯಿಂದ ಅಳೆಯಿರಿ. ನಿಂತ ಜಾಗದಿಂದ ಮುಂದುವರಿಸಬೇಡಿ. ಮನೆಯಲ್ಲಿ ಕೂತು ಹಾಕಿದ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು: ಮೂವರ ನಡುವೆ ಪರಸ್ಪರ ಪಂದ್ಯಗಳನ್ನು ಪರಿಗಣಿಸಬೇಕಾದರೆ ವೈಲ್ಡ್ ಕಾರ್ಡ್ ವಿಚಾರದಲ್ಲಿ ಒಬ್ಬರು ಉಳಿದಿಬ್ಬರನ್ನೂ ಸೋಲಿಸಿರಬೇಕು, ಅಥವಾ ಇಬ್ಬರಿಗೂ ಸೋತಿರಬೇಕು.

ಕೈ ಪಳಗಿಸಲು ಒಂದು ಋತು: 2023ರ ಎನ್‌ಎಫ್‌ಸಿ

ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್, ಡಲ್ಲಾಸ್ ಕೌಬಾಯ್ಸ್, ಡೆಟ್ರಾಯಿಟ್ ಲಯನ್ಸ್ ಮೂರೂ 12-5. ಟ್ಯಾಂಪಾ ಬೇ 9-8, ಆದರೆ ಡಿವಿಷನ್ ವಿಜೇತ. ಮೊದಲ ಮೂವರಲ್ಲಿ 49ಅರ್ಸ್ ಮತ್ತು ಲಯನ್ಸ್ ಆ ಋತುವಿನಲ್ಲಿ ಪರಸ್ಪರ ಆಡಿರಲಿಲ್ಲ, ಹಾಗಾಗಿ ಕಾನ್ಫರೆನ್ಸ್ ದಾಖಲೆಗೆ ಹೋಗಬೇಕು. 49ಅರ್ಸ್ 10-2, ಕೌಬಾಯ್ಸ್ 9-3, ಲಯನ್ಸ್ 8-4. ಒಂದನೇ ಸೀಡ್ 49ಅರ್ಸ್‌ಗೆ. ಈಗ ನಿಯಮದಂತೆ ಮತ್ತೆ ಮೊದಲಿನಿಂದ: ಕೌಬಾಯ್ಸ್, ಲಯನ್ಸ್ ಪರಸ್ಪರ ಆಡಿದ್ದವೇ? ಹೌದು. ಡಿಸೆಂಬರ್ 30ರಂದು ಡಲ್ಲಾಸ್ 20-19ರಿಂದ ಗೆದ್ದಿತ್ತು. ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿ ವಲಯಕ್ಕೆ ಒಯ್ದು ಗಳಿಸುವ 6 ಅಂಕ) ಹೊಡೆದ ಮೇಲೆ ಲಯನ್ಸ್ ಮಾಡಿದ ಎರಡಂಕದ ಹೆಚ್ಚುವರಿ ಪ್ರಯತ್ನದಲ್ಲಿ ಟೇಲರ್ ಡೆಕರ್ ಚೆಂಡು ಹಿಡಿದದ್ದನ್ನು, ಅವರು ಪಾಸ್ ಹಿಡಿಯಲು ಅರ್ಹರೆಂದು ವರದಿ ಮಾಡಿಕೊಂಡಿರಲಿಲ್ಲ ಎಂದು ತೀರ್ಪುಗಾರರು ರದ್ದು ಮಾಡಿದ ಪಂದ್ಯ ಅದು. ಒಂದು ಸೀಟಿಯ ಸದ್ದು ಎರಡನೇ ಸೀಡ್ ಯಾರದೆಂದು ನಿರ್ಧರಿಸಿತು.

ಐದನೆಯದು 11-6ರ ಫಿಲಡೆಲ್ಫಿಯಾ, ಆರನೆಯದು 10-7ರ ಲಾಸ್ ಏಂಜಲೀಸ್ ರಾಮ್ಸ್. ಏಳನೆಯದಕ್ಕೆ 9-8ರ ಗ್ರೀನ್ ಬೇ ಮತ್ತು ಸಿಯಾಟಲ್ ಪೈಪೋಟಿ. ಅವು ಪರಸ್ಪರ ಆಡಿರಲಿಲ್ಲ. ಮುಂದಿನ ಅಳತೆಗಳಲ್ಲೂ ಬೇರ್ಪಡದೆ ಲೆಕ್ಕ ‘ಸೋಲಿಸಿದ ತಂಡಗಳ ಬಲ’ದವರೆಗೆ ಇಳಿಯಿತು. ಗ್ರೀನ್ ಬೇ ಡೆಟ್ರಾಯಿಟನ್ನೂ ಕನ್ಸಾಸ್ ಸಿಟಿಯನ್ನೂ ಸೋಲಿಸಿತ್ತು. ಬಲಿಷ್ಠರ ಮೇಲಿನ ಆ ಗೆಲುವುಗಳು ಜನವರಿಯಲ್ಲಿ ಕೈಹಿಡಿದವು.

ಮೊದಲ ಸುತ್ತಿನಲ್ಲಿ 2ಕ್ಕೆ 7, 3ಕ್ಕೆ 6, 4ಕ್ಕೆ 5. ಮೇಲಿನ ಸೀಡ್‌ನ ಊರಿನಲ್ಲಿ ಪಂದ್ಯ. ಗ್ರೀನ್ ಬೇ 48-32ರಿಂದ ಡಲ್ಲಾಸನ್ನು ಕೆಡವಿತು; ಏಳನೇ ಸೀಡ್ ಒಂದು ಪಂದ್ಯ ಗೆದ್ದದ್ದು ಅದೇ ಮೊದಲು. ಡೆಟ್ರಾಯಿಟ್ 24-23, ಟ್ಯಾಂಪಾ 32-9.

ಇಲ್ಲಿ ಗಮನವಿರಲಿ. ಟೆನಿಸ್ ಡ್ರಾದಂತೆ ಹಾದಿ ಮೊದಲೇ ಗೀಚಿಟ್ಟಿರುವುದಿಲ್ಲ. ಎರಡನೇ ಸುತ್ತಿಗೆ ಉಳಿದವರನ್ನು ಮತ್ತೆ ಜೋಡಿಸಬೇಕು: ಒಂದನೇ ಸೀಡ್‌ಗೆ ಉಳಿದವರಲ್ಲಿ ಅತಿ ಕೆಳಗಿನ ಸೀಡ್ ಎದುರಾಳಿ. ಹಾಗಾಗಿ 49ಅರ್ಸ್‌ಗೆ ಸಿಕ್ಕಿದ್ದು ಗ್ರೀನ್ ಬೇ, ಗೆದ್ದದ್ದು 24-21. ಡೆಟ್ರಾಯಿಟ್ ತನ್ನೂರಿನಲ್ಲಿ ಟ್ಯಾಂಪಾವನ್ನು 31-23ರಿಂದ ಸೋಲಿಸಿತು. ಕಾನ್ಫರೆನ್ಸ್ ಫೈನಲ್‌ನಲ್ಲಿ 49ಅರ್ಸ್ 34, ಡೆಟ್ರಾಯಿಟ್ 31. ಹೀಗೆ 6, 4, 2, ಕೊನೆಗೆ ಸೂಪರ್ ಬೌಲ್ ಸೇರಿ ಒಟ್ಟು 13 ಪಂದ್ಯ. ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದ ತಂಡಗಳು ಒಮ್ಮೆ ಸೋತರೂ ಅವುಗಳಿಗೆ ಇನ್ನೊಂದು ಅವಕಾಶವಿದೆ. ಇಲ್ಲಿ ಯಾರಿಗೂ ಇಲ್ಲ.

ಹೆಚ್ಚುವರಿ ಆಟದ ನಿಯಮ

ಪ್ಲೇಆಫ್‌ನಲ್ಲಿ ಡ್ರಾ ಇಲ್ಲ. 15 ನಿಮಿಷದ ಅವಧಿಗಳನ್ನು ಫಲಿತಾಂಶ ಬರುವವರೆಗೆ ಆಡುತ್ತಾರೆ. ಮೊದಲು ಚೆಂಡು ಪಡೆದವರು ಟಚ್‌ಡೌನ್ ಹೊಡೆದರೂ ಎದುರಾಳಿಗೆ ಒಂದು ಸರದಿ ಸಿಗುತ್ತದೆ. ಇಬ್ಬರ ಸರದಿಯೂ ಮುಗಿದು ಸಮವಿದ್ದರೆ ಮುಂದೆ ಮೊದಲು ಅಂಕ ಗಳಿಸಿದವರು ಗೆದ್ದಂತೆ. 2022ರ ಮಾರ್ಚ್‌ನಲ್ಲಿ ಬಂದ ನಿಯಮ ಇದು. 2025ರಿಂದ 10 ನಿಮಿಷದ ಲೀಗ್ ಹಂತದ ಹೆಚ್ಚುವರಿ ಆಟಕ್ಕೂ ಎರಡು ಸರದಿ ಬಂದಿದೆ. ಸೂಪರ್ ಬೌಲ್‌ನಲ್ಲಿ ಇದು ಮೊದಲು ಪ್ರಯೋಗವಾದದ್ದು 2024ರ ಫೆಬ್ರವರಿ 11ರಂದು. 49ಅರ್ಸ್ ಟಾಸ್ ಗೆದ್ದು ಮೊದಲು ಚೆಂಡು ಆರಿಸಿಕೊಂಡಿತು, ಕಂಬಗಳ ನಡುವೆ ಒದ್ದು ಗಳಿಸುವ 3 ಅಂಕದ ಫೀಲ್ಡ್ ಗೋಲ್‌ಗೆ ತೃಪ್ತಿಪಟ್ಟಿತು. ಎಷ್ಟು ಬೇಕೆಂದು ತಿಳಿದು ಆಡಿದ ಕನ್ಸಾಸ್ ಸಿಟಿ ಟಚ್‌ಡೌನ್ ಹೊಡೆದು 25-22ರಿಂದ ಗೆದ್ದಿತು. ಹೊಸ ನಿಯಮ ತಮಗೆ ಗೊತ್ತೇ ಇರಲಿಲ್ಲ ಎಂದು 49ಅರ್ಸ್‌ನ ಕೆಲವು ಆಟಗಾರರು ಪಂದ್ಯದ ನಂತರ ಹೇಳಿದರು. ಅಂಥ ವೇದಿಕೆಯಲ್ಲಿ ಅದು ಕ್ಷಮಿಸಲಾಗದ ಅಸಡ್ಡೆ.

ಕರ್ನಾಟಕದಲ್ಲಿ ಕೂತು ನೋಡುವವರಿಗೆ ಗಡಿಯಾರದ ಲೆಕ್ಕ: ಚಳಿಗಾಲದಲ್ಲಿ ಅಮೆರಿಕದ ಪೂರ್ವ ಸಮಯಕ್ಕೆ ಹತ್ತೂವರೆ ಗಂಟೆ ಕೂಡಿಸಿ. ಅಲ್ಲಿ ಮಧ್ಯಾಹ್ನ 1ಕ್ಕೆ ಶುರುವಾದದ್ದು ನಮ್ಮಲ್ಲಿ ಅದೇ ರಾತ್ರಿ 11.30, ಸಂಜೆ 4.30ರದು ಬೆಳಗಿನ ಜಾವ 3. ಫೆಬ್ರವರಿಯ ಎರಡನೇ ಭಾನುವಾರದ ಸೂಪರ್ ಬೌಲ್ ಅಲ್ಲಿ ಸಂಜೆ 6.30ಕ್ಕೆ, ಅಂದರೆ ನಮ್ಮ ಸೋಮವಾರ ಬೆಳಗ್ಗೆ 5ಕ್ಕೆ. ಕ್ಯಾಲಿಫೋರ್ನಿಯಾದ ನೆಂಟರು ‘ಮೂರೂವರೆಗೆ’ ಎಂದು ಸಂದೇಶ ಕಳಿಸಿದರೆ ಅದು ಅವರ ಮಧ್ಯಾಹ್ನ.

ಈಗ ಆಟಗಾರರು: ಮೊದಲು ಅಳತೆಗೋಲು

ಕ್ವಾರ್ಟರ್‌ಬ್ಯಾಕ್ ಬಗ್ಗೆ ಬಾಯಿ ತೆರೆಯುವ ಮುಂಚೆ ಅವನ ಎಸೆತಗಳನ್ನು ಅಳೆಯುವ ಪಾಸರ್ ರೇಟಿಂಗ್ ಕೈಯಾರೆ ಲೆಕ್ಕ ಹಾಕಲು ಕಲಿಯಿರಿ. ನಾಲ್ಕು ಭಾಗ. ಪೂರ್ಣಗೊಂಡ ಪಾಸ್‌ಗಳನ್ನು ಎಸೆತಗಳಿಂದ ಭಾಗಿಸಿ, 0.3 ಕಳೆದು, 5ರಿಂದ ಗುಣಿಸಿ. ಎಸೆತಕ್ಕೆ ಎಷ್ಟು ಯಾರ್ಡ್ ಎಂಬುದರಲ್ಲಿ 3 ಕಳೆದು 0.25ರಿಂದ ಗುಣಿಸಿ. ಎಸೆತಕ್ಕೆ ಎಷ್ಟು ಟಚ್‌ಡೌನ್ ಎಂಬುದನ್ನು 20ರಿಂದ ಗುಣಿಸಿ. ಎಸೆತಕ್ಕೆ ಎಷ್ಟು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಎಂಬುದನ್ನು 25ರಿಂದ ಗುಣಿಸಿ 2.375ರಲ್ಲಿ ಕಳೆಯಿರಿ. ಯಾವ ಭಾಗವೂ 0ಗಿಂತ ಕಡಿಮೆ, 2.375ಗಿಂತ ಹೆಚ್ಚು ಆಗುವಂತಿಲ್ಲ. ನಾಲ್ಕನ್ನೂ ಕೂಡಿ, 6ರಿಂದ ಭಾಗಿಸಿ, 100ರಿಂದ ಗುಣಿಸಿ. ಗರಿಷ್ಠ 158.3.

ಇದನ್ನು 2022ರ ಜನವರಿ 23ರ ಬಫಲೋ ಬಿಲ್ಸ್–ಕನ್ಸಾಸ್ ಸಿಟಿ ಚೀಫ್ಸ್ ಪಂದ್ಯದ ಮೇಲೆ ಪ್ರಯೋಗಿಸಿ. ಬಫಲೋದ ಜಾಶ್ ಅಲೆನ್ 37ರಲ್ಲಿ 27 ಪಾಸ್ ಮುಟ್ಟಿಸಿದರು: 329 ಯಾರ್ಡ್, 4 ಟಚ್‌ಡೌನ್, ಇಂಟರ್‌ಸೆಪ್ಷನ್ ಇಲ್ಲ. ಭಾಗಗಳು 2.149, 1.473, 2.162, 2.375. ರೇಟಿಂಗ್ 136.0. ಕನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ 44ರಲ್ಲಿ 33, 378 ಯಾರ್ಡ್, 3 ಟಚ್‌ಡೌನ್, ರೇಟಿಂಗ್ 123.1. ಇಬ್ಬರದೂ ಅಸಾಧಾರಣ ಆಟ, ಅಲೆನ್‌ರದು ತುಸು ಮೇಲೆ. ಬಫಲೋ 36-33ರಲ್ಲಿ ಮುಂದಿದ್ದಾಗ ಉಳಿದಿದ್ದದ್ದು 13 ಸೆಕೆಂಡು. ಆ 13 ಸೆಕೆಂಡಿನಲ್ಲಿ ಬಫಲೋದ ರಕ್ಷಣಾ ಪಡೆ 44 ಯಾರ್ಡ್ ಬಿಟ್ಟುಕೊಟ್ಟಿತು, ಹ್ಯಾರಿಸನ್ ಬಟ್ಕರ್ 49 ಯಾರ್ಡಿನ ಫೀಲ್ಡ್ ಗೋಲ್ ಒದ್ದರು. ಹೆಚ್ಚುವರಿ ಆಟದ ಟಾಸ್ ಚೀಫ್ಸ್‌ಗೆ ಬಿತ್ತು, ಮೊದಲ ಸರದಿಯಲ್ಲೇ ಟಚ್‌ಡೌನ್, 42-36. ಅಲೆನ್ ಚೆಂಡು ಮುಟ್ಟಲೇ ಇಲ್ಲ. ಮೇಲೆ ಹೇಳಿದ 2022ರ ನಿಯಮ ಹುಟ್ಟಿದ್ದು ಈ ಪಂದ್ಯದ ಬೆನ್ನಿಗೇ.

2024ರ ಋತುವಿನವರೆಗೆ ಪ್ಲೇಆಫ್‌ನಲ್ಲಿ ಮಹೋಮ್ಸ್ ಎದುರು ಅಲೆನ್ 0-4. ಅಂಕಿ ಸುಳ್ಳಲ್ಲ. ಅದರಲ್ಲಿ ಈ ಪಂದ್ಯವೂ ಒಂದು ಎಂಬುದನ್ನು ಮುಚ್ಚಿಟ್ಟು ‘ಅಲೆನ್ ದೊಡ್ಡ ಪಂದ್ಯದಲ್ಲಿ ನಡುಗುತ್ತಾರೆ’ ಎನ್ನುವುದು ಮಾತ್ರ ಅನ್ಯಾಯ.

ರೇಟಿಂಗ್‌ಗೂ ಮೋಸ ಹೋಗಬೇಡಿ. ಅಂಕಿಗಳು ಯಾವಾಗ ಬಂದವೆಂದು ನೋಡಿ. ಗ್ರೀನ್ ಬೇ ಎದುರಿನ ಆ ಸೋಲಿನಲ್ಲಿ ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್ 403 ಯಾರ್ಡ್, 3 ಟಚ್‌ಡೌನ್ ಎಸೆದರು. ಕೇಳಲು ಭರ್ಜರಿ. ಆದರೆ 60 ಎಸೆತಕ್ಕೆ 403, ಅಂದರೆ ಎಸೆತಕ್ಕೆ 6.7, ತಂಡ ಒಂದು ಹಂತದಲ್ಲಿ 27-0ರಿಂದ ಹಿಂದಿತ್ತು. ಗ್ರೀನ್ ಬೇಯ ಜೋರ್ಡನ್ ಲವ್ 21 ಎಸೆತದಲ್ಲೇ 272 ಯಾರ್ಡ್, ಎಸೆತಕ್ಕೆ ಸುಮಾರು 13. ಸೋಲು ಖಚಿತವಾದ ಮೇಲೆ ಎದುರಾಳಿ ಗಡಿಯಾರ ಕರಗಲೆಂದು ಸಣ್ಣ ಪಾಸ್‌ಗಳನ್ನು ಬಿಟ್ಟುಕೊಡುತ್ತದೆ. ಆ ಯಾರ್ಡುಗಳನ್ನು ತೂಕಕ್ಕೆ ಹಾಕಬಾರದು.

ಗೆಲುವು-ಸೋಲಿನ ದಾಖಲೆಯನ್ನು ಒಬ್ಬನ ಹೆಸರಿಗೆ ಬರೆಯುವಾಗ ಜೈಂಟ್ಸ್‌ನ ಕ್ವಾರ್ಟರ್‌ಬ್ಯಾಕ್ ಎಲೈ ಮ್ಯಾನಿಂಗ್‌ರನ್ನು ನೆನೆಯಿರಿ. ಪ್ಲೇಆಫ್‌ನಲ್ಲಿ 8-4. 2007ರಲ್ಲಿ ನಾಲ್ಕೂ ಗೆಲುವು, 2011ರಲ್ಲಿ ನಾಲ್ಕೂ ಗೆಲುವು, ಎರಡು ಸಲವೂ ಫೈನಲ್‌ನಲ್ಲಿ ಟಾಮ್ ಬ್ರೇಡಿಯ ಪೇಟ್ರಿಯಟ್ಸ್ ಮೇಲೆ ಜಯ. ಉಳಿದ ನಾಲ್ಕು ಸಲ ಮೊದಲ ಪಂದ್ಯದಲ್ಲೇ ಸೋಲು. ಲೀಗ್ ಹಂತದಲ್ಲಿ 117-117. ಅಣ್ಣ ಪೇಟನ್ ಐದು ಸಲ ಎಂವಿಪಿ (ಋತುವಿನ ಅತಿ ಬೆಲೆಬಾಳುವ ಆಟಗಾರ), ಪ್ಲೇಆಫ್‌ನಲ್ಲಿ 14-13. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಜಗಳದಲ್ಲಿ ನಮ್ಮ ಮತ ಪೇಟನ್‌ಗೆ, ಒಂದು ಕ್ಷಣವೂ ಯೋಚಿಸದೆ. ಆದರೆ ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನ ಕ್ರೀಡಾಂಗಣದಲ್ಲಿ ಜೈಂಟ್ಸ್ ಅಂಗಿ ತೊಟ್ಟು ಕೂತವರ ಮುಂದೆ ಈ ಮಾತು ನಡೆಯುವುದಿಲ್ಲ, ಅವರ ಕಡೆಯೂ ನ್ಯಾಯವಿದೆ. ಗೆಲುವುಗಳನ್ನು ಎಣಿಸುವಾಗ ಬೈ ನೆನಪಿರಲಿ: ಒಂದನೇ ಸೀಡ್ ಮೂರು ಗೆಲುವಿಗೆ ಚಾಂಪಿಯನ್, ಉಳಿದವರಿಗೆ ನಾಲ್ಕು ಬೇಕು.

ಪ್ರಶಸ್ತಿ ಯಾರ ಮತ, ಯಾವಾಗಿನ ಮತ

‘ಎಂವಿಪಿ ಅಂತೆ, ಪ್ಲೇಆಫ್‌ನಲ್ಲಿ ನೋಡಿ’ ಎಂಬ ಚುಚ್ಚುಮಾತಿಗೆ ಬಾಲ್ಟಿಮೋರ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್‌ರಷ್ಟು ಗುರಿಯಾದವರು ಕಡಿಮೆ. 2019ರಲ್ಲಿ ಸರ್ವಾನುಮತದ ಎಂವಿಪಿ, ಬಾಲ್ಟಿಮೋರ್ 14-2. ಟೆನೆಸೀ ಎದುರು ಮೊದಲ ಪಂದ್ಯದಲ್ಲೇ 28-12ರ ಸೋಲು, ಅವರ ಎರಡು ಇಂಟರ್‌ಸೆಪ್ಷನ್. ಆ ಸೋಲಿನ ದೊಡ್ಡ ಪಾಲು ಅವರದೇ. 2024ರ ಋತುವಿನದನ್ನು ಹಾಗೆ ಹೇಳಲಾಗದು: ಬಫಲೋ ಎದುರು ಮೊದಲಾರ್ಧದಲ್ಲಿ ಅವರು ತಪ್ಪು ಮಾಡಿದ್ದು ನಿಜ, ಆದರೆ ಕೊನೆಯಲ್ಲಿ ಸಮ ಮಾಡಬಲ್ಲ ಎರಡಂಕದ ಪಾಸ್ ಮಾರ್ಕ್ ಆಂಡ್ರೂಸ್ ಕೈಯಿಂದ ಜಾರಿತು, 27-25.

ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಕೊಡುವ ಎಂವಿಪಿಗೆ ಮತ ಹಾಕುವುದು 50 ಮಂದಿ, ಲೀಗ್ ಹಂತದ ಆಟಕ್ಕೆ ಮಾತ್ರ. ಘೋಷಣೆ ಸೂಪರ್ ಬೌಲ್ ವಾರದಲ್ಲಾಗುವುದರಿಂದ ಗೊಂದಲ. 2024ಕ್ಕೆ ಅಲೆನ್‌ಗೆ 27 ಮೊದಲ ಸ್ಥಾನದ ಮತ, ಜಾಕ್ಸನ್‌ಗೆ 23. ಅದೇ ಮತದಾರರು ಆಲ್-ಪ್ರೊ (ಋತುವಿನ ಅತ್ಯುತ್ತಮ ಆಟಗಾರರ ಪಟ್ಟಿ) ಮೊದಲ ತಂಡಕ್ಕೆ ಆರಿಸಿದ್ದು ಜಾಕ್ಸನ್‌ರನ್ನು. ಅತ್ಯುತ್ತಮ ಆಟ ಬೇರೆ, ತಂಡಕ್ಕೆ ಅತಿ ಬೆಲೆಬಾಳುವವನು ಬೇರೆ ಎಂದು ತಜ್ಞರೇ ಬೇರ್ಪಡಿಸಿ ನೋಡಿದರು. ಅಭಿಮಾನಿಗಳ ಮಾತಿಗೆ ಅಧಿಕೃತ ಬೆಲೆ ಇರುವುದು ಎರಡು ಕಡೆ: ಪ್ರೊ ಬೌಲ್ ಎಂಬ ತಾರಾ ಆಟಗಾರರ ಕೂಟದ ಆಯ್ಕೆಯಲ್ಲಿ ಮೂರನೇ ಒಂದು ಪಾಲು, ಸೂಪರ್ ಬೌಲ್ ಎಂವಿಪಿಯಲ್ಲಿ ಶೇ 20.

ಕೊನೆಯ ವಾರ ಬೇರೆಯವರ ಪಂದ್ಯ ನೋಡುವುದು

ಹದಿನೆಂಟನೇ ವಾರಕ್ಕೆ ಮೊದಲು ನಿಮ್ಮ ತಂಡ ಗೆದ್ದರೆ, ಸೋತರೆ ಎಂದು ಎರಡು ಸಾಲು ಬರೆದು, ಪ್ರತಿಯೊಂದರ ಎದುರು ಇನ್ಯಾರು ಸೋಲಬೇಕು ಎಂದು ಗುರುತು ಮಾಡಿಕೊಳ್ಳಿ. 2023ರ ಜನವರಿ 8ರಂದು ಡೆಟ್ರಾಯಿಟ್ ಗ್ರೀನ್ ಬೇ ಅಂಗಳಕ್ಕೆ ಇಳಿಯುವಷ್ಟರಲ್ಲಿ ಸಿಯಾಟಲ್ ಗೆದ್ದು ಲೆಕ್ಕ ಮುಗಿದಿತ್ತು: ಅಕ್ಟೋಬರಿನಲ್ಲಿ ಸಿಯಾಟಲ್ ಡೆಟ್ರಾಯಿಟನ್ನು 48-45ರಿಂದ ಸೋಲಿಸಿತ್ತು, ಇಬ್ಬರೂ 9-8 ಆದರೂ ಸಿಯಾಟಲ್ ಮುಂದೆ. ತಮಗೆ ಏನೂ ಸಿಗದೆಂದು ತಿಳಿದೂ ಲಯನ್ಸ್ 20-16ರಿಂದ ಗೆದ್ದು ಗ್ರೀನ್ ಬೇಯನ್ನೂ ಹೊರಗಿಟ್ಟಿತು.

ಬಫಲೋ 2017ರ ಡಿಸೆಂಬರ್ 31ರಂದು ತನ್ನ ಪಂದ್ಯ ಗೆದ್ದು 9-7 ಆಗಿ ಕೂತಿತ್ತು. 1999ರ ನಂತರ ಪ್ಲೇಆಫ್ ಮುಖವನ್ನೇ ಕಾಣದ ಊರು. ಒಳಹೋಗಲು ಸಿನ್ಸಿನಾಟಿ ಎದುರು ಬಾಲ್ಟಿಮೋರ್ ಸೋಲಬೇಕಿತ್ತು. ಸಿನ್ಸಿನಾಟಿಗೆ ಕೊನೆಯದಾದ ನಾಲ್ಕನೇ ಯತ್ನ, 12 ಯಾರ್ಡ್ ಬೇಕು, ಪಂದ್ಯ ಮುಗಿಯಲು ಒಂದು ನಿಮಿಷವೂ ಇಲ್ಲ. ಸಿನ್ಸಿನಾಟಿಯ ಆಂಡಿ ಡಾಲ್ಟನ್ ಟೈಲರ್ ಬಾಯ್ಡ್‌ಗೆ 49 ಯಾರ್ಡಿನ ಟಚ್‌ಡೌನ್ ಎಸೆದರು. ಬಫಲೋ ಒಳಗೆ. ಆ ವಾರ ಬಿಲ್ಸ್ ಅಭಿಮಾನಿಗಳು ತಮ್ಮ ತಂಡದಲ್ಲಿ ಎಂದೂ ಆಡದ ಡಾಲ್ಟನ್‌ರ ಮಕ್ಕಳ ನೆರವಿನ ಪ್ರತಿಷ್ಠಾನಕ್ಕೆ ದೇಣಿಗೆ ಕಳಿಸತೊಡಗಿದರು. ಎಷ್ಟೋ ಮಂದಿ ಕಳಿಸಿದ ಮೊತ್ತ ತಲಾ 17 ಡಾಲರ್, ಕಾದ ಒಂದೊಂದು ವರ್ಷಕ್ಕೆ ಒಂದೊಂದರಂತೆ.